ಅಳಿಸಿದ ಕೈ

"ಆ ಪೆಟ್ಗೆ ಮುಟ್ಬ್ಯಾಡ ಕಣಪ್ಪ. ಅದ್ರೊಳಗಿದ್ದುದ್ನ ಅಳಿಸ್ದ ಕೈಯಿ ಮತ್ತೆ ಅದ್ನ ಮುಟ್ಟುದ್ರೆ, ಆ ಕೈಯೇ ಅಳ್ಸೋಯ್ತದೆ. ಮಣ್ಣು ತೂರಿವ್ನಿ ನಾನು."

ಕ್ಯಾತನಹಳ್ಳಿಯ ಆ ಮನೆಯ ಗೇಟಿನೆದುರು, ಹೊಂಗೆ ಮರದ ಬುಡದಲ್ಲಿ ಕುಳಿತಿದ್ದ ಮುದುಕಿ ಇಷ್ಟನ್ನೂ ದನಿ ಏರಿಸದೆ, ಬಸ್ಸಿನ ಹೊತ್ತು ಹೇಳುವವಳ ಹಾಗೆ ಹೇಳಿದಳು. ಅವಳ ಮಡಿಲಲ್ಲಿ ಒಂದು ಹಿಡಿ ಕೆಮ್ಮಣ್ಣು. ಜಯಕುಮಾರ್ ಬೈಕಿಗೆ ಸ್ಟ್ಯಾಂಡು ಹಾಕಿ, ಟೂಲ್ಸ್ ಬ್ಯಾಗನ್ನು ಹೆಗಲಿಗೇರಿಸಿ ನಕ್ಕ.

"ಅಜ್ಜೀ, ಕಂಪ್ಯೂಟ್ರಿಗೆ ಮಾಟ ತಟ್ಟಕಿಲ್ಲ. ಧೂಳು ಹಿಡಿದಿರ್ತದೆ ಅಷ್ಟೆಯ. ಬ್ರಷ್ ಆಡಿಸಿದ್ರೆ ನಿನ್ ದೆವ್ವ ಸೀನ್ಕೊಂಡು ಓಡೋಗ್ತದೆ. ಯಾವೂರು ನಿಂದು?"

"ಸಿಂಧಘಟ್ಟ. ದ್ಯಾವಮ್ಮ ಅಂತಾರೆ. ನನ್ ಮಗಳ್ನ ಈ ಮನೇಗೆ ಕೊಟ್ಟಿದ್ದೆ."

ಮಗಳನ್ನು ಕೊಟ್ಟ ಮನೆಯ ಒಳಗೆ ಹೋಗದೆ ಹೊರಗೇಕೆ ಕೂತಿದ್ದಾಳೆ ಎಂದು ಅವನು ಕೇಳಲಿಲ್ಲ. ಕೇಳಬಾರದ್ದನ್ನು ಕೇಳದಿರುವುದು ಅವನಿಗೆ ರೂಢಿಯಾಗಿತ್ತು.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದು ಹತ್ತಡಿ ಅಗಲದ ರಿಪೇರಿ ಅಂಗಡಿ. ಮೂರು ದಾರಿ ಕೂಡುವಲ್ಲಿ ಯಾರೋ ಕುಂಕುಮ ಬಳಿದು ಇಟ್ಟುಹೋದ ನಿಂಬೆಹಣ್ಣನ್ನು ಎತ್ತಿ ತಂದು, ಎಲ್ಲರೆದುರು ಷರಬತ್ತು ಮಾಡಿ ಕುಡಿದವನು. ಕರೆಂಟಿಗೆ ಅರ್ಥಿಂಗ್ ಸರಿಯಿಲ್ಲದ ಮನೆ ಬಿಟ್ಟರೆ ತಾನು ಇನ್ನಾವುದಕ್ಕೂ ಹೆದರುವುದಿಲ್ಲ ಎಂದು ಹೇಳಿಕೊಂಡು ತಿರುಗುವವನು. ಅವತ್ತು ಮಂಗಳವಾರ, ಮಧ್ಯಾಹ್ನದ ಉರಿಬಿಸಿಲು. ಸುತ್ತಲ ಕಬ್ಬಿನ ಗದ್ದೆಗಳಾಚೆ, ನಾಲೆಯ ಏರಿಯ ಮೇಲಿನ ಆಲೆಮನೆಯಿಂದ ಹೊಗೆ ಏಳುತ್ತಿತ್ತು. ಕುದಿಯುವ ಕಬ್ಬಿನ ಹಾಲಿನ ಸಿಹಿವಾಸನೆ ಗಾಳಿಯಲ್ಲಿ ಎಷ್ಟು ದಟ್ಟವಾಗಿತ್ತೆಂದರೆ, ಉಸಿರಾಡಿದರೆ ಗಂಟಲಿಗೆ ಅಂಟುತ್ತಿತ್ತು.

ಬಾಗಿಲು ತೆರೆದವಳು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹೆಂಗಸು. ಆ ಮನೆಯ ಸೊಸೆ, ರಂಜಿತ. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ನಾಲ್ಕು ತಿಂಗಳಿರಬೇಕು.

"ನನ್ ನಂಬರ್ ಯಾರು ಕೊಟ್ರವ್ವ?"

"ಆ ಪೆಟ್ಗೆ ಮೇಲೇ ಅದಲ್ಲಣ್ಣ, ನಿಮ್ ಸ್ಟಿಕ್ಕರ್ ಮೇಲೆ."

ಅದರಲ್ಲಿ ವಿಶೇಷವೇನಿಲ್ಲ. ಅವನ ಸ್ಟಿಕ್ಕರು ಮೂರು ತಾಲ್ಲೂಕಿನಲ್ಲಿ ನೂರಾರು ಮನೆಗಳಲ್ಲಿದೆ.

ಹಜಾರದ ದಿವಾನದ ಮೇಲೆ ಅತ್ತೆ ಇಂದ್ರಮ್ಮ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಕಣ್ಣು ಒಳಕೋಣೆಯ ಕಡೆಗೆ ಹೋಗದಂತೆ ಬೆನ್ನು ತಿರುಗಿಸಿದ್ದಳು. "ಅದೇನಿದ್ರೂ ಅಳಿಸಿ ಒಸ್ದಾಗಿ ಹಾಕ್ಬುಡು ಮಗ. ತನ್ನಷ್ಟಕ್ಕೇ ಒತ್ಕತದೆ, ತನ್ನಷ್ಟಕ್ಕೇ ಆರ್ತದೆ. ಅನ್ನ ಸೇರ್ತಿಲ್ಲ ನಂಗೆ. ಗುಜರಿಗೆ ಹಾಕ್ದೊ. ಆ ಗುಜರಿಯೋನು ಮಾರ್ನೇ ದಿನ್ವೇ ತಂದು ಜಗ್ಲಿ ಮೇಲ್ ಮಡಗ್ಬುಟ್ಟು ಒಂಟೋದ. ಯಾಕ್ಲಾ ಅಂದ್ರೆ ತಿರುಗೂ ನೋಡ್ನಿಲ್ಲ."

"ಪವರ್ ಸಪ್ಲೈ ಹೋಗಿರ್ತದೆ ಬುಡವ್ವ. ಅರ್ಧ ಗಂಟೆ ಕೆಲ್ಸ."

ಒಳಕೋಣೆ ಕತ್ತಲಾಗಿತ್ತು. ಕಿಟಕಿಗೆ ದಪ್ಪನೆಯ ಕರ್ಟನ್ನು. ಮೇಜಿನ ಮೇಲೆ ಕಂಪ್ಯೂಟರು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಬಟ್ಟೆಯಲ್ಲಿ ಎರಡು ಪುಟ್ಟ ಲಂಗಗಳ ಚಿತ್ರ. ಮೂರನೆಯದು ಅರ್ಧಕ್ಕೇ ನಿಂತಿತ್ತು. ದಾರ ಇನ್ನೂ ಸೂಜಿಯಲ್ಲೇ ಇತ್ತು.

ಅವನು ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು. ಪರದೆ ಬೆಳಗಿತು. ಸ್ವಾಗತದ ಅಕ್ಷರ ಮೂಡುವಷ್ಟರಲ್ಲಿ ಟಕ್ ಎಂದು ಆರಿತು. ಮತ್ತೆ ತಾನಾಗಿ ಹೊತ್ತಿತು. ಮತ್ತೆ ಆರಿತು. ಕಣ್ಣು ಬಿಡುವ ಮೊದಲೇ ಯಾರೋ ಕತ್ತು ಹಿಸುಕುತ್ತಿದ್ದ ಹಾಗೆ.

ಪ್ಲಗ್ಗು ಬದಲಿಸಿ ನೋಡಿದ. ಯುಪಿಎಸ್ ಕಳಚಿ ನೇರ ಕೊಟ್ಟು ನೋಡಿದ. ಒಳಗೆ ಕಾವೇರಿದರೆ ಹೀಗಾಗುವುದುಂಟು ಎಂದು ಪೆಟ್ಟಿಗೆಯ ಬೆನ್ನಿಗೆ ಬಲಗೈ ಒತ್ತಿದ. ಕಾವಿರಲಿಲ್ಲ. ತಣ್ಣಗಿತ್ತು. ಅಂಥ ಉರಿಬಿಸಿಲಿನಲ್ಲಿ, ಹೆಣದ ಹಣೆಯ ಹಾಗೆ ತಣ್ಣಗಿತ್ತು.

ಟಕ್. ಆರಿತು. ಅವನ ಬಲ ಹೆಬ್ಬೆರಳಿಗೆ ಜೋಮು ಹಿಡಿಯಿತು. ಟಕ್. ತೋರುಬೆರಳಿಗೂ ಹಿಡಿಯಿತು.

"ಅರ್ಥಿಂಗ್ ಸರಿಯಿಲ್ಲ ನಿಮ್ಮನೇಲಿ," ಎಂದ. ಒಳಗನ್ನು ನೋಡೋಣವೆಂದು ಟಾರ್ಚಿಗಾಗಿ ಫೋನು ತೆಗೆದು ಹೆಬ್ಬೆರಳೊತ್ತಿದ. ಫೋನು ಒಪ್ಪಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಮತ್ತೊತ್ತಿದ. ಒಪ್ಪಲಿಲ್ಲ. ಪರದೆಯ ಬೆಳಕಿಗೆ ಬೆರಳು ಹಿಡಿದು ನೋಡಿದ.

ಗೆರೆಗಳಿರಲಿಲ್ಲ. ಒಂದೂ ಇರಲಿಲ್ಲ. ಸುಲಿದ ಬೆಳ್ಳುಳ್ಳಿ ಎಸಳಿನ ಹಾಗೆ ನುಣ್ಣಗಿತ್ತು ಬೆರಳು.

ಆಮೇಲೆ ಅವನು ಕಂಡದ್ದು ಸ್ಟಿಕ್ಕರನ್ನು. ಪೆಟ್ಟಿಗೆಯ ಎರಡು ಭಾಗ ಕೂಡುವ ಸಂದಿಯ ಮೇಲೆ, ಯಾರಾದರೂ ತೆರೆದರೆ ಹರಿದು ಗೊತ್ತಾಗಲೆಂದು, ರಿಪೇರಿ ಮುಗಿದ ಮೇಲೆ ಅವನೇ ಅಂಟಿಸುವ ಸ್ಟಿಕ್ಕರು. ಎರಡು ವರ್ಷವಾದರೂ ಒಂದು ಎಳೆ ಹರಿದಿರಲಿಲ್ಲ. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಅವನದೇ ಸಹಿ. ನವೆಂಬರ್ ಹನ್ನೆರಡು.

ಆ ತಾರೀಖು ಅವನಿಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿಲ್ಲದವನ ಹಾಗೆ ಬದುಕಿದ್ದ.

ಅವತ್ತು ಇಂದ್ರಮ್ಮನ ಮಗ, ಆಲೆಮನೆಯ ಲೋಕೇಶ್ ಈ ಪೆಟ್ಟಿಗೆಯನ್ನು ಕಾರಿನಲ್ಲಿ ಅಂಗಡಿಗೆ ತಂದಿದ್ದ. ಮನೆ ಯಾವುದೆಂದು ಜಯಕುಮಾರ್ ಕೇಳಿರಲಿಲ್ಲ. "ಎಲ್ಲಾ ಅಳಿಸ್ಬುಡು ಜಯ. ಒಂದಕ್ಷರ ಉಳೀಬಾರ್ದು. ಹೆಂಗಸ್ರ ಕೈಗೆ ಕೊಟ್ರೆ ಇಲ್ಲದ್ದೆಲ್ಲ ಗೀಚ್ತಾರೆ ಕಣ್ಲಾ." ಅಳಿಸುವ ಮೊದಲು ಒಮ್ಮೆ ತೆರೆದು ನೋಡುವುದು ಜಯಕುಮಾರನ ಅಭ್ಯಾಸ. ಒಂದು ಪತ್ರವಿತ್ತು. *ನನ್ನ ಹೆಸರು ಅರ್ಪಿತ. ನನ್ನನ್ನು ಎರಡು ಸಲ ಆಲೆಮನೆಗೆ ಕರೆದುಕೊಂಡು ಹೋಗಿದ್ದಾರೆ. ವ್ಯಾನಿನಲ್ಲಿ ಸ್ಕ್ಯಾನಿಂಗ್ ಮಿಷನ್ನು ತರುತ್ತಾರೆ. ಹೆಣ್ಣು ಅಂದರೆ ಅಲ್ಲೇ ಮಾತ್ರೆ ಕೊಡುತ್ತಾರೆ. ಎರಡೂ ಹೆಣ್ಣಾಗಿದ್ದವು. ಈಗ ಮೂರನೆಯದು, ಐದು ತಿಂಗಳು. ಮುಂದಿನ ವಾರ ಮತ್ತೆ ಹೋಗಬೇಕಂತೆ. ಈ ಸಲ ನಾನು ಉಳಿಯುವುದಿಲ್ಲ. ಇದನ್ನು ಯಾರಾದರೂ ಓದಿದರೆ ಬೇಗ ಬನ್ನಿ.* ಅದರ ಕೆಳಗೆ ತಾರೀಖುಗಳು, ವ್ಯಾನಿನ ನಂಬರು, ಬಂದವರ ಹೆಸರುಗಳು.

ಓದಿದವನು ಅವನೊಬ್ಬನೇ.

ಓದಿ, ಅಳಿಸಿದ. ಲೋಕೇಶ್ ಕೊಟ್ಟ ಅಚ್ಚುಬೆಲ್ಲದ ಡಬ್ಬಿಯನ್ನು ಮನೆಗೊಯ್ದ. ಹೆಂಡತಿ ಲತ ಆ ಬೆಲ್ಲದಲ್ಲಿ ಒಬ್ಬಟ್ಟು ಮಾಡಿದಳು. ತಿಂದ. ರುಚಿಯಾಗಿತ್ತು. ವಾರ ಕಳೆಯುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. ಅರ್ಪಿತಳ ಫೋಟೊ, ಭಾವಪೂರ್ಣ ಶ್ರದ್ಧಾಂಜಲಿ, ಹೃದಯಾಘಾತ, ನವೆಂಬರ್ ಹದಿನೆಂಟು. ಫ್ಲೆಕ್ಸು ಬಿಸಿಲಿಗೆ ಬಿಳಿಚಿ ಹೋಗುವವರೆಗೂ ಅವನು ಆ ಸರ್ಕಲ್ಲನ್ನು ಬಳಸಿಕೊಂಡು ಓಡಾಡಿದ. ಮೂರು ದಾರಿಯ ನಿಂಬೆಹಣ್ಣಿಗೆ ಊರೆಲ್ಲ ಹೆದರುತ್ತದೆ. ಹಗಲು ಹೊತ್ತಿನಲ್ಲಿ ಆಲೆಮನೆಯ ಮುಂದೆ ನಿಲ್ಲುವ ಬಿಳಿ ವ್ಯಾನಿಗೆ ಯಾರೂ ಹೆದರುವುದಿಲ್ಲ. ನಿಂಬೆಹಣ್ಣಿಗೂ ಹೆದರದ ಜಯಕುಮಾರ್, ಒಂದು ಫೋನು ಮಾಡಲು ಹೆದರಿದ್ದ.

"ಏನಾಯ್ತಣ್ಣ?" ರಂಜಿತ ಕೇಳಿದಳು.

ಅವನು ಸ್ಟಿಕ್ಕರು ಹರಿದು, ತಿರುಪು ಬಿಚ್ಚಿ, ಪೆಟ್ಟಿಗೆಯ ಬದಿ ತೆಗೆದ.

ಮಣ್ಣು ಸುರಿಯಿತು.

ಧೂಳಲ್ಲ. ಮಣ್ಣು. ಒದ್ದೆಯ ಕೆಮ್ಮಣ್ಣು, ಹಿಡಿಹಿಡಿಯಾಗಿ ಮೇಜಿನ ಮೇಲೆ, ಅಲ್ಲಿಂದ ಅವನ ಪಾದದ ಮೇಲೆ ಬಿತ್ತು. ಅದರಲ್ಲಿ ಅರಿಶಿನದ ತುಂಡುಗಳು, ಹಸಿರು ಬಳೆಯ ಚೂರುಗಳು. ಹಸಿ ನೆಲದ, ಬಾಡಿದ ಹೂವಿನ ವಾಸನೆ ಕೋಣೆ ತುಂಬಿತು. ಎರಡು ವರ್ಷ ಹರಿಯದ ಸ್ಟಿಕ್ಕರಿನ ಒಳಗೆ ಇದು ಹೇಗೆ ಬಂತು? ಅವನು ಬೆರಳಿನಿಂದ ಸಂದಿಗಳನ್ನು ತಡಕಿದ. ಇರುವೆ ನುಗ್ಗುವಷ್ಟೂ ಜಾಗವಿರಲಿಲ್ಲ.

"ಗುಡ್ಡೆ ಮಣ್ಣು," ರಂಜಿತ ಪಿಸುಗುಟ್ಟಿದಳು. "ನನ್ ಗಂಡನ ಮೊದಲ್ನೇ ಹೆಂಡ್ತಿ ಅರ್ಪಿತಕ್ಕನ್ನ ನಮ್ಮ ಕಬ್ಬಿನ ಗದ್ದೇಲೇ ಮಣ್ಣು ಮಾಡಿರೋದು. ಆಚೆ ಕೂತವ್ರಲ್ಲ, ಅವರವ್ವ, ಪ್ರತಿ ಮಂಗಳವಾರ ಸಿಂಧಘಟ್ಟದಿಂದ ಬಸ್ಸಲ್ಲಿ ಬಂದು, ಆ ಗುಡ್ಡೆಯಿಂದ ಒಂದಿಡಿ ತಂದು ಗೇಟಿನ ಮುಂದೆ ತೂರ್ತಾರೆ. ತೂರಿ ಒಂಟೋಯ್ತಾರೆ. ಬೈಯ್ಯಲ್ಲ, ಅಳಲ್ಲ. ಮಗ್ಳು ಬರ್ದಿಟ್ಟಿದ್ನ ಯಾರೋ ಅಳಿಸವ್ರೆ ಅಂತಾರೆ ಅಷ್ಟೆ."

ಅಷ್ಟರಲ್ಲಿ ಪರದೆ ಹೊತ್ತಿತು. ಈ ಸಲ ಬಿಳಿಯ ಹಾಳೆಯೊಂದು ತೆರೆಯಿತು. ಅದರ ಮೇಲೆ ಯಾರೂ ಒತ್ತದ ಅಕ್ಷರಗಳು ಒಂದೊಂದಾಗಿ ಮೂಡಿದವು. *ನನ್ನ ಹೆಸರು ಅರ್ಪಿತ. ನನ್ನನ್ನು*

ಟಕ್.

"ಇಷ್ಟೇ ಅಣ್ಣ. ದಿನಾ ಇಷ್ಟೇ ಬರೋದು. ಇದ್ರ ಮುಂದೆ ಏನಿತ್ತು ಅಂತ ನಂಗೆ ಬೇಕು. ನಾಳಿದ್ದು ಗುರುವಾರ ನನ್ನ ಆಲೆಮನೆಗೆ ಕರ್ಕೊಂಡೋಯ್ತಾರಂತೆ. ಪರೀಕ್ಷೆ ಮಾಡುಸ್ಬೇಕಂತೆ. ಆಲೆಮನೇಲಿ ಎಂಥ ಪರೀಕ್ಷೆ ಅಣ್ಣ? ಬಿಂಡಿಗನವಿಲೆಗೆ, ನಮ್ಮಪ್ಪಂಗೆ ಫೋನ್ ಮಾಡಿದ್ರೆ, ಅತ್ತೆ ಏಳ್ದಂಗೆ ಕೇಳವ್ವ ಅಂತಾರೆ. ಅರ್ಪಿತಕ್ಕ ಎಂಗೆ ಸತ್ರು? ನಿಮ್ಗೇನಾದ್ರೂ ಗೊತ್ತಾ?"

"ನಂಗೇನ್ ಗೊತ್ತು?" ಎಂದ ಜಯಕುಮಾರ್. ಬಾಯಿ ತಾನಾಗಿಯೇ ಅಂದುಬಿಟ್ಟಿತು. ಎರಡು ವರ್ಷದ ಅಭ್ಯಾಸ.

ಅವನ ನಡುಬೆರಳಿಗೆ ಜೋಮು ಹಿಡಿಯಿತು. ನೋಡನೋಡುತ್ತಿದ್ದ ಹಾಗೆ, ಒದ್ದೆ ಹಲಗೆಯ ಮೇಲಿನ ಸೀಮೆಸುಣ್ಣದಂತೆ, ಗೆರೆಗಳು ಕರಗಿ ಹೋದವು.

ಅವನು ಕುರ್ಚಿಯ ಮೇಲೆ ಕೂತ. ಅವಳ ಮುಖ ನೋಡದೆ, ಮಣ್ಣು ನೋಡುತ್ತ ಹೇಳಿದ. "ಗೊತ್ತು ಕಣವ್ವ. ಓದಿದ್ದೆ. ನಾನೇ ಅಳಿಸ್ದೋನು."

ಪತ್ರದಲ್ಲಿದ್ದುದನ್ನು ನೆನಪಿದ್ದಷ್ಟು ಹೇಳಿದ. ರಂಜಿತ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತೇ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಾಗ ಅವ್ರು ಬದುಕಿದ್ರಾ?" ಎಂದಳು.

"ಬದುಕಿದ್ರು."

ಹಜಾರದಿಂದ ಇಂದ್ರಮ್ಮನ ದನಿ ಬಂತು. "ಏನ್ ಅದು ಗುಸುಗುಸು? ಅಳಿಸ್ದೇನಪ್ಪಾ?"

"ಇನ್ನೊಂದ್ ವಸಿ ಅವ್ವಾ," ಎಂದು ಕೂಗಿದ. ಆಮೇಲೆ ದನಿ ತಗ್ಗಿಸಿ, "ನಾನು ಬಾಯಲ್ಲಿ ಏಳಿದ್ರೆ ಸ್ಟೇಷನ್ನಲ್ಲಿ ಯಾರೂ ನಂಬಕಿಲ್ಲ. ವ್ಯಾನಿನ ನಂಬರು, ತಾರೀಖು, ಹೆಸರು, ಎಲ್ಲ ಅವ್ಳು ಬರ್ದಿದ್ಲು. ನಂಗೆ ಒಂದೂ ನೆನಪಿಲ್ಲ. ಅದು ಈ ಪೆಟ್ಗೇಲಿ ಇನ್ನೂ ಇರ್ಬೋದು."

ಇರುವ ಕಾರಣವಿತ್ತು. ಪೂರ್ತಿಯಾಗಿ ಅಳಿಸಲು ಮೂರು ಗಂಟೆ ಬೇಕು. ಅವತ್ತು ಊಟದ ಹೊತ್ತಾಗಿತ್ತು. ಎರಡು ನಿಮಿಷದಲ್ಲಿ ಮುಗಿಯುವ ಬಗೆಯಲ್ಲಿ ಅಳಿಸಿ, ಒಂದಕ್ಷರವೂ ಇಲ್ಲ ಎಂದು ಲೋಕೇಶನಿಗೆ ಹೇಳಿದ್ದ. ಹಾಗೆ ಅಳಿಸಿದರೆ ಹೋಗುವುದು ಯಾವ ಬರಹ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಬರಹ ತಳದಲ್ಲೇ ಇರುತ್ತದೆ, ಮೇಲೆ ಮತ್ತೇನಾದರೂ ಬೀಳುವವರೆಗೆ. ಅದು ದಯೆಯಾಗಿರಲಿಲ್ಲ. ಸೋಮಾರಿತನವಾಗಿತ್ತು. ಅವಳು ಉಳಿದಿದ್ದರೆ ಆ ಸೋಮಾರಿತನದಲ್ಲಿ ಉಳಿದಿದ್ದಳು.

ಹಾರ್ಡ್ ಡಿಸ್ಕನ್ನು ಕಳಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ತಿರುಗಲಿಲ್ಲ. ಕಿವಿಗಿಟ್ಟು ಆಲಿಸಿದ. ಕಲ್ಲು. ಮತ್ತೆ ಆ ಮಣ್ಣಿನೊಳಗೆ, ಅದರ ಜಾಗದಲ್ಲೇ ಇಟ್ಟ ಕೂಡಲೇ ತಿರುಗತೊಡಗಿತು. ಅವನಿಗೆ ಅರ್ಥವಾಯಿತು. ಇಲ್ಲೇ ತೆಗೆಯಬೇಕು. ಈ ಕೈಯಿಂದಲೇ ತೆಗೆಯಬೇಕು.

ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿದ. ನೂರಕ್ಕೆ ಎಂಟು. ಹದಿನಾಲ್ಕು. ಟಕ್. ಉಂಗುರದ ಬೆರಳು. ಮತ್ತೆ ಹೊತ್ತಿತು. ಹದಿನಾಲ್ಕಕ್ಕೇ ನಿಂತಿತ್ತು. ಸಿಕ್ಕಿದ್ದು ಸಿಕ್ಕಿತ್ತು. ಇಪ್ಪತ್ತು. ಇಪ್ಪತ್ತಾರು. ಟಕ್. ಕಿರುಬೆರಳು. ಬಲಗೈ ಮುಗಿಯಿತು. ಕೀಗಳು ಎಲ್ಲಿವೆಯೆಂದು ಆ ಕೈಗೆ ತಿಳಿಯುತ್ತಿರಲಿಲ್ಲ. ಎಡಗೈ ಇಟ್ಟ. ಮೂವತ್ತೈದು. ಟಕ್. ನಲವತ್ತೊಂಬತ್ತು. ಟಕ್.

ಕೈ ಹಿಂದಕ್ಕೆಳೆದುಕೊಂಡ. ಇನ್ನು ಮೂರು ಬೆರಳು. ಕೂದಲೆಳೆಯಷ್ಟು ತಿರುಪನ್ನು ಕಣ್ಣು ಮುಚ್ಚಿ ಕೂರಿಸುತ್ತಿದ್ದ ಕೈಗಳಿವು. ಅವನ ಅನ್ನ ಇದೇ. ಮೂರು ಬೆರಳಿದ್ದರೆ ಹೇಗೋ ಬದುಕಬಹುದು. ಆಗಲಿಲ್ಲ ಎಂದು ಹೇಳಿ ಎದ್ದುಹೋದರೆ ಯಾರು ಕೇಳುತ್ತಾರೆ? ಎರಡು ವರ್ಷದ ಹಿಂದೆಯೂ ಯಾರೂ ಕೇಳಿರಲಿಲ್ಲ.

ರಂಜಿತ ಅವನ ಬಲಗೈಯನ್ನೇ ನೋಡುತ್ತಿದ್ದಳು. "ಬುಡಿ ಅಣ್ಣ," ಎಂದಳು ಮೆಲ್ಲಗೆ. "ನಿಮ್ಗೂ ಸಂಸಾರ ಅದೆ. ಓಗಿ ನೀವು."

ಹೊರಗೆ ಬುಲೆಟ್ ಬೈಕಿನ ಸದ್ದು ಕೇಳಿಸಿತು. ದೂರದಲ್ಲಿ, ನಾಲೆಯ ಏರಿಯ ಮೇಲೆ. ಇಂದ್ರಮ್ಮ ಮಗನಿಗೆ ಫೋನು ಮಾಡಿದ್ದಳು.

ಜಯಕುಮಾರ್ ಎಡಗೈಯನ್ನು ಕೀಲಿಮಣೆಯ ಮೇಲಿಟ್ಟ.

ಅರವತ್ತು. ಮಣ್ಣು ಅಲುಗುತ್ತಿತ್ತು. ಎಪ್ಪತ್ತು. ಬಳೆಚೂರುಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಟಕ್. ಹೊತ್ತಿತು. ಎಪ್ಪತ್ತೆಂಟು. ಬುಲೆಟ್ಟು ಬೀದಿಗೆ ತಿರುಗಿತು. ಎಂಬತ್ತೊಂಬತ್ತು. ಟಕ್. ಕತ್ತಲು. ಕತ್ತಲಲ್ಲಿ ಯಾರೋ ಅವನ ಕಿವಿಯ ಹತ್ತಿರ ಉಸಿರಾಡಿದರು. ಒಬ್ಬರಲ್ಲ. ಒಂದು ದೊಡ್ಡ ಉಸಿರು, ಮೂರು ಪುಟ್ಟ ಉಸಿರು. ಹೊತ್ತಿತು. ತೊಂಬತ್ತಾರು. ಗೇಟು ಕಿರುಗುಟ್ಟಿತು. ನೂರು.

*ನನ್ನ ಹೆಸರು ಅರ್ಪಿತ. ನನ್ನನ್ನು ಎರಡು ಸಲ ಆಲೆಮನೆಗೆ*

ಪೂರ್ತಿ ಇತ್ತು. ಎರಡು ಪುಟ. ಉಳಿದಿದ್ದ ಒಂದೇ ಬೆರಳಿನಲ್ಲಿ, ಎಡಗೈಯ ಕಿರುಬೆರಳಿನಲ್ಲಿ, ಪ್ರಿಂಟ್ ಒತ್ತಿದ. ಒತ್ತಿದ್ದು ಗೊತ್ತಾಯಿತು. ಬಿಟ್ಟಿದ್ದು ಗೊತ್ತಾಗಲಿಲ್ಲ.

ಮೇಜಿನ ಕೆಳಗಿನ ಪ್ರಿಂಟರು ಗೊರಗೊರ ಎಂದಿತು. ರಂಜಿತ ಬಿಸಿಯಾರದ ಹಾಳೆಗಳನ್ನು ಎಳೆದು ರವಿಕೆಯೊಳಗೆ ತುರುಕಿಕೊಂಡಳು. ಹಿತ್ತಿಲ ಬಾಗಿಲಿನಿಂದ ಓಡಿದಳು.

ಲೋಕೇಶ್ ಕೋಣೆಯ ಬಾಗಿಲಲ್ಲಿ ನಿಂತ. ಮೈಯಿಂದ ಬೆಲ್ಲದ ಪಾಕದ ವಾಸನೆ. ಮೇಜಿನ ಮೇಲಿನ ಮಣ್ಣು ನೋಡಿದ. ಪರದೆಯ ಮೇಲಿನ ಹೆಸರು ನೋಡಿದ. ಮುಖ ಬಿಳಿಚಿತು. ಆಮೇಲೆ ನಕ್ಕ.

"ಏನ್ಲಾ ಜಯ. ಬೆಲ್ಲ ತಿಂದಿದ್ದು ಮರ್ತೋಯ್ತೇನ್ಲಾ?"

"ಮರ್ತಿಲ್ಲ ಲೋಕೇಶಣ್ಣ. ಇನ್ನೂ ಬಾಯಲ್ಲೇ ಅದೆ."

"ಅಳಿಸ್ಲಾ ಅದ್ನ."

"ಅಳಿಸಕ್ಕೆ ಬೆರಳಿಲ್ಲ," ಎಂದು ಜಯಕುಮಾರ್ ಎರಡೂ ಅಂಗೈ ಚಾಚಿದ. ಹತ್ತು ಬೆರಳೂ ಮೇಣದ ಬತ್ತಿಯ ಹಾಗೆ ಹೊಳೆಯುತ್ತಿದ್ದವು.

ಲೋಕೇಶ್ ಅವನನ್ನು ಪಕ್ಕಕ್ಕೆ ತಳ್ಳಿ ಪ್ಲಗ್ಗನ್ನೇ ಕಿತ್ತ. ಪರದೆ ಆರಲಿಲ್ಲ. ತಂತಿ ಅವನ ಕೈಯಲ್ಲಿ ನೇತಾಡುತ್ತಿತ್ತು, ಫ್ಯಾನು ತಿರುಗುತ್ತಲೇ ಇತ್ತು. ಇಷ್ಟು ದಿನ ನಿಲ್ಲದೆ ಆರುತ್ತಿದ್ದ ಪೆಟ್ಟಿಗೆ ಈಗ ಆರಲೊಲ್ಲದು. ಸ್ವಿಚ್ಚಿನ ಗುಂಡಿಯನ್ನು ಹೆಬ್ಬೆರಳಿಂದ ಅದುಮಿ ಹಿಡಿದ. ಅದುಮಿದ. ಇನ್ನೂ ಅದುಮಿದ. ಆಮೇಲೆ ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡು, ತನ್ನ ಹೆಬ್ಬೆರಳನ್ನು ಕಣ್ಣಿನ ಹತ್ತಿರ ಹಿಡಿದ.

"ಅವ್ವಾ," ಎಂದ. ಅಷ್ಟು ದೊಡ್ಡ ಗಂಡಸಿನ ಗಂಟಲಿನಿಂದ ಬಂದದ್ದು ಮಗುವಿನ ದನಿ. "ಅವ್ವಾ, ಬಾ ಇಲ್ಲಿ."

ಹಜಾರದಲ್ಲಿ ಇಂದ್ರಮ್ಮ ಮೇಲೇಳಲಿಲ್ಲ.

ಸಂಜೆ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಮೂವರು ಕೂತಿದ್ದರು. ರಂಜಿತ, ದ್ಯಾವಮ್ಮ, ಜಯಕುಮಾರ್. ಅಲ್ಲಿ ದೂರು ಬರೆದುಕೊಳ್ಳುವ ರೈಟರು ಎರಡು ಪುಟವನ್ನು ಎರಡು ಸಲ ಓದಿ, ಎದ್ದು ಹೋಗಿ ಯಾರಿಗೋ ಫೋನು ಮಾಡಿ ಬಂದ. ಗುರುವಾರ ರಂಜಿತ ಎಲ್ಲಿಗೂ ಹೋಗಬೇಕಾಗಿಲ್ಲ, ಇನ್ನು ಆ ವ್ಯಾನು ಹೊರಗೆ ಓಡುವುದಿಲ್ಲ ಎಂದ. ಅವಳು ಮೊದಲ ಸಲ ಅತ್ತಳು. ದ್ಯಾವಮ್ಮ ತನ್ನ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು. "ಸುಮ್ಕಿರು ಮಗ. ಸಿಂಧಘಟ್ಟಕ್ಕೆ ಓಗುಮ. ನನ್ ಮನೇಲಿ ಒಂದು ಮಂಚ ಖಾಲಿ ಅದೆ."

ರೈಟರು ಜಯಕುಮಾರನ ಹೇಳಿಕೆ ಬರೆದುಕೊಂಡು ಓದಿ ಹೇಳಿದ. ಸಹಿ ಮಾಡಲು ಪೆನ್ನು ಹಿಡಿಯಲಾಗಲಿಲ್ಲ. ಹೆಬ್ಬೆಟ್ಟು ಒತ್ತು ಎಂದರು. ಮಸಿಯಲ್ಲಿ ಅದ್ದಿ ಒತ್ತಿದ. ಹಾಳೆಯ ಮೇಲೆ ಗುಂಡನೆಯ ಕಪ್ಪು ಕಲೆ ಬಿತ್ತು. ಒಂದು ಗೆರೆಯೂ ಇರಲಿಲ್ಲ. ರೈಟರು ಹಾಳೆಯನ್ನು ಬೆಳಕಿಗೆ ಹಿಡಿದು, "ಇದು ಯಾರ್ದು ಅಂತ ಎಂಗೆ ಏಳದಯ್ಯ?" ಎಂದು ಗೊಣಗಿದ.

ದ್ಯಾವಮ್ಮನ ಕೈಯಲ್ಲಿ ಹರಿದ ಸ್ಟಿಕ್ಕರಿತ್ತು. ರಂಜಿತ ಕೊಟ್ಟಿದ್ದಿರಬೇಕು. ಓದು ಬಾರದ ಅವಳು ಅಂಕಿಗಳನ್ನು ಮಾತ್ರ ಬಲ್ಲಳು. ಬಸ್ಸಿನ ನಂಬರು ನೋಡಿ ಕಲಿತ ಅಂಕಿಗಳು.

"ಇದು ಅನ್ನೆಲ್ಡು," ಎಂದಳು. "ನನ್ ಮಗ್ಳು ಓಗಿದ್ದು ಅದಿನೆಂಟು."

ಜಯಕುಮಾರ್ ತಲೆ ತಗ್ಗಿಸಿದ. "ನಿನ್ ಶಾಪ ತಟ್ತು ಅಜ್ಜಿ. ನ್ಯಾಯ್ವಾಗೇ ತಟ್ತು."

"ನಾನು ಮಣ್ಣು ತೂರಿದ್ದು ಅಳಿಸ್ದ ಕೈಗೆ. ಓದಿದ ಕಣ್ಣೊಂದು ಇತ್ತು ಅಂತ ನಂಗೆ ಗೊತ್ತೇ ಇರ್ನಿಲ್ಲ." ಅವಳು ಸ್ಟಿಕ್ಕರನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು. "ಒಂದು ಏಳಪ್ಪ. ದಿನಕ್ಕೆ ನಮ್ಮೂರಿಂದ ಪ್ಯಾಟೆಗೆ ಆರು ಬಸ್ಸು. ನೀನು ಒಂದು ಫೋನ್ ಮಾಡಿದ್ರೆ, ಅನ್ನೆಲ್ಡ್ರಿಂದ ಅದಿನೆಂಟರವರ್ಗೆ, ನನ್ ಮಗಳ್ನ ಕರ್ಕೊಂಡೋಗಕ್ಕೆ ನಂಗೆ ಎಷ್ಟು ಬಸ್ಸು ಸಿಕ್ತಿದ್ವು?"

ಅವನು ಎಣಿಸಲು ಬೆರಳು ಮಡಿಸಿದ. ಯಾವ ಬೆರಳು ಮಡಚಿಕೊಂಡಿತು, ಯಾವುದು ಮಡಚಿಕೊಳ್ಳಲಿಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಎಣಿಸತೊಡಗಿದ.